ನಡುಗುವ ಸ್ಟೇರಿಂಗು, ತಾಳೆಯಾಗದ ಲೆಕ್ಕ

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ, ನಿಮ್ಮ ಅಜ್ಜ-ಅಜ್ಜಿಯರಿಗೊಂದು ತಪ್ಪೊಪ್ಪಿಗೆ. ಎರಡೂ ಒಂದೇ ಕಾರಿಗೆ ಸಂಬಂಧಿಸಿದ್ದು.

ಕಾರು ನನ್ನದೇ. ಬ್ಯಾಂಕಿನಿಂದ ನಿವೃತ್ತನಾದಾಗ ಕೊಂಡ ಬಿಳಿ ಬಣ್ಣದ ಸಣ್ಣ ಗಾಡಿ. ಹಮ್ಮಿಗಿಯಿಂದ ಮುಂಡರಗಿಗೆ ಔಷಧಿಗೋ ಸಂತೆಗೋ ಹೋಗಿ ಬರುವುದು, ನೆಂಟರು ಬಂದರೆ ತುಂಗಭದ್ರೆಯ ಬ್ಯಾರೇಜು ತೋರಿಸಿಕೊಂಡು ಬರುವುದು, ಇಷ್ಟೇ ಅದರ ಓಡಾಟ. ನನ್ನ ಕೈಯಲ್ಲಿ ವೇಗದ ಮುಳ್ಳು 50 ದಾಟುವುದೇ ಅಪರೂಪ. ಹೀಗಾಗಿ ಅದಕ್ಕೆ ಏನಾದರೂ ಕಾಯಿಲೆ ಇದ್ದರೂ ನನಗೆ ಗೊತ್ತಾಗುವ ಹಾಗಿರಲಿಲ್ಲ. ಪೂರ್ತಿ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಆ ಮಾತು ಆಮೇಲೆ.

ದೀಪಾವಳಿಗೆ ಮಗ, ಸೊಸೆ, ಮೊಮ್ಮಗಳು ಊರಿಗೆ ಬಂದಿದ್ದರು. ಹುಬ್ಬಳ್ಳಿಯಲ್ಲಿ ಬೀಗರ ಮನೆಯ ಕಾರ್ಯಕ್ಕೆ ಐದೂ ಜನ ಇದೇ ಕಾರಿನಲ್ಲಿ ಹೊರಟೆವು. ಮಗ ಓಡಿಸುತ್ತಿದ್ದ. ಗದಗ ದಾಟಿ ಹೆದ್ದಾರಿಗೆ ಬಿದ್ದೆವು. ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ ಕಡೆಗೆ ಹೋಗುವ 67ನೇ ರಾಷ್ಟ್ರೀಯ ಹೆದ್ದಾರಿ ಅದು. ರಸ್ತೆ ಚೆನ್ನಾಗಿತ್ತು. ವೇಗ 60 ದಾಟಿತು, 70 ಆಯಿತು. 80ರ ಹತ್ತಿರ ಬಂದ ಕೂಡಲೇ ಸ್ಟೇರಿಂಗು ಮಲೇರಿಯಾ ಬಂದವರ ಕೈಯಂತೆ ನಡುಗತೊಡಗಿತು.

ಹಿಂದಿನ ಸೀಟಿನಿಂದ ಮೊಮ್ಮಗಳು ಕೇಳಿದಳು: "ಅಜ್ಜಾ, ಸ್ಟೇರಿಂಗ್ ಹಂಗ್ಯಾಕ ನಡಗಾಕತ್ತೈತಿ?"

ನಾನು ಉತ್ತರ ಕೊಡುವುದರೊಳಗೆ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿಗೆ ಕಾರು ತೇಲಿದಂತಾಗಿ ಎಡಕ್ಕೆ ಎಳೆಯಿತು. ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಕಡಿಯ ಮೇಲೆ ಹರಿದ ಸದ್ದು ಕೇಳಿತು. ಮಗ ಬ್ರೇಕು ಒತ್ತಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗು ಗಟ್ಟಿಯಾಗಿ ಹಿಡಿದು, ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ವೇಗ ತಾನಾಗಿ ಇಳಿಯಲು ಬಿಟ್ಟು, ರಸ್ತೆ ಬದಿಗೆ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಸ್ವಲ್ಪ ಹೊತ್ತು ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹೆಂಡತಿ ಮೊಮ್ಮಗಳ ಕೈ ಹಿಡಿದುಕೊಂಡಿದ್ದಳು. ಅದನ್ನು ಕನ್ನಡಿಯಲ್ಲಿ ನೋಡಿ ನಾನು ತಲೆ ತಗ್ಗಿಸಿದೆ.

ಅಲ್ಲಿಂದ 50ರ ವೇಗದಲ್ಲೇ ಹೋಗಿ, ದಾರಿಯಲ್ಲಿ ಸಿಕ್ಕ ಒಂದು ಅಂಗಡಿಯಲ್ಲಿ ತೋರಿಸಿದೆವು. ಹುಡುಗ ಕೇಳಿದ ಕೂಡಲೇ, "ಅಲೈನ್‌ಮೆಂಟ್ ಹೋಗೈತ್ರಿ" ಎಂದ. ಯಂತ್ರಕ್ಕೆ ಏರಿಸಿ, ಅರ್ಧ ತಾಸಿನಲ್ಲಿ ಹಸಿರು ಅಂಕಿಗಳ ಒಂದು ಚೀಟಿ ಕೈಗಿಟ್ಟ. ದುಡ್ಡು ಕೊಟ್ಟು ಹೊರಟೆವು. 80ರ ಹತ್ತಿರ ಬಂದಾಗ ಅದೇ ನಡುಕ. ಮರುದಿನ ಮತ್ತೆ ಹೋಗಿ ಕೇಳಿದರೆ, "ಹಂಗಾರ ನಾಲ್ಕೂ ಟೈರ್ ಬದಲಿ ಮಾಡ್ಸಿಬಿಡ್ರಿ" ಎಂಬ ಸಲಹೆ.

ನನ್ನೊಳಗಿನ ಗುಮಾಸ್ತ ಎಚ್ಚೆತ್ತದ್ದು ಆಗ. ಕಂಪ್ಯೂಟರು ಬರುವ ಮುಂಚೆ ಬ್ಯಾಂಕಿನಲ್ಲಿ ಲೆಡ್ಜರುಗಳನ್ನು ಕೈಯಿಂದ ಬರೆದು ತಾಳೆ ನೋಡುತ್ತಿದ್ದೆವು. ಕೆಲವು ದಿನ ಲೆಕ್ಕ ಕೂಡುತ್ತಿರಲಿಲ್ಲ. ಆಗ ಸಿಕ್ಕ ಸಿಕ್ಕ ಕಡೆ ಅಂಕಿ ತಿದ್ದುವಂತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟಿದೆ ಎಂದು ನೋಡುತ್ತಿದ್ದೆವು. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು ಎಂಬ ಗುಮಾನಿ. 54ನ್ನು 45 ಎಂದು ಬರೆದರೆ ವ್ಯತ್ಯಾಸ 9. 720ನ್ನು 270 ಎಂದು ಬರೆದರೆ 450. ಅದೂ 9ರಿಂದ ಭಾಗವಾಗುತ್ತದೆ. ಮಕ್ಕಳೇ, ನೀವೇ ಬೇರೆ ಬೇರೆ ಅಂಕಿ ಬರೆದು ನೋಡಿ. ವ್ಯತ್ಯಾಸವನ್ನು ಅರ್ಧ ಮಾಡಿದಾಗ ಬರುವ ಮೊತ್ತ ಆ ದಿನದ ಪುಸ್ತಕದಲ್ಲಿ ಕಂಡರೆ, ಅದು ಜಮಾ ಬದಲು ಖರ್ಚಿನ ಕಡೆ ಬಿದ್ದಿರಬಹುದು. ಅಂದರೆ ತಪ್ಪಿನ ರೂಪವೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ.

ಕಾರಿನದೂ ಹಾಗೆಯೇ. ನಡುಕದ ರೂಪ ನೋಡದೆ ಟೈರು ಬದಲಿಸುವುದು, ವ್ಯತ್ಯಾಸ ನೋಡದೆ ಲೆಡ್ಜರು ತಿದ್ದಿದಂತೆ.

ಹುಬ್ಬಳ್ಳಿಯಲ್ಲಿ ಬೀಗರು ತಮಗೆ ಗೊತ್ತಿದ್ದ ಒಬ್ಬ ಹಿರಿಯ ಮೆಕ್ಯಾನಿಕರ ಹತ್ತಿರ ಕರೆದುಕೊಂಡು ಹೋದರು. ಅವರು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ನಡುಕ ಎಲ್ಲ ವೇಗದಲ್ಲೂ ಬರುತ್ತದೆಯೋ, ಒಂದೇ ವೇಗದಲ್ಲೋ? ಕೈಗೆ ಬರುತ್ತದೆಯೋ, ಸೀಟಿಗೋ? ಬ್ರೇಕು ಒತ್ತಿದಾಗ ಮಾತ್ರವೋ? ಸಪಾಟು ರಸ್ತೆಯಲ್ಲಿ ಕಾರು ಒಂದು ಕಡೆಗೆ ಎಳೆಯುತ್ತದೆಯೋ?

ಆ ಪ್ರಶ್ನೆಗಳ ಹಿಂದಿನ ಕಾರಣವನ್ನು ಮೊಮ್ಮಗಳಿಗೂ ನನಗೂ ಅವರು ಬಿಡಿಸಿ ಹೇಳಿದರು.

ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಸ್ಟೇರಿಂಗು ನಡುಗಿದರೆ, ಮೊದಲ ಗುಮಾನಿ ಮುಂದಿನ ಗಾಲಿಗಳ ಬ್ಯಾಲೆನ್ಸ್ ಮೇಲೆ. ನಡುಕ ಸೀಟಿಗೆ ಬಂದರೆ ಹಿಂದಿನ ಗಾಲಿಗಳನ್ನು ನೋಡಬೇಕು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕುಗಳನ್ನು ಪರೀಕ್ಷಿಸಬೇಕು. ನಡುಕವಿಲ್ಲದೆ ಕಾರು ಒಂದೇ ಕಡೆ ಎಳೆಯುತ್ತಿದ್ದರೆ ಅಥವಾ ನೇರ ಹೋಗುವಾಗಲೂ ಸ್ಟೇರಿಂಗು ಸೊಟ್ಟಗಿದ್ದರೆ ಟೈರಿನ ಹವಾ ನೋಡಿ, ಆಮೇಲೆ ಅಲೈನ್‌ಮೆಂಟ್ ನೋಡಬೇಕು. ಗಾಲಿ ಬಿಚ್ಚಿ ಹಾಕಿದ ಮೇಲೆ ನಡುಕ ಶುರುವಾಗಿದ್ದರೆ ಮುಂದೆ ಒಂದು ಫರ್ಲಾಂಗೂ ಹೋಗದೆ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ನೋಡಬೇಕು.

ನಮ್ಮ ಕಾರಿಗೆ ಎರಡು ತಕರಾರು ಇದ್ದವು: 80ರಲ್ಲಿ ನಡುಕ, ಜೊತೆಗೆ ಎಡಕ್ಕೆ ಎಳೆತ.

ಬ್ಯಾಲೆನ್ಸ್ ಎಂದರೆ ಏನು? ಬುಗರಿಯ ಒಂದು ಬದಿಗೆ ಸ್ವಲ್ಪ ಹಸಿ ಮಣ್ಣು ಮೆತ್ತಿ ಆಡಿಸಿ ನೋಡಿ. ಅದು ನಿಂತಲ್ಲಿ ನಿಲ್ಲದೆ ಒದ್ದಾಡುತ್ತದೆ. ಗಾಲಿಯ ಒಂದು ಕಡೆ ತುಸು ಭಾರ ಹೆಚ್ಚಾದರೂ ಹೀಗೇ ಆಗುತ್ತದೆ. ಅದಕ್ಕೇ ಎದುರು ಬದಿಯ ರಿಮ್ಮಿಗೆ ಸಣ್ಣ ತೂಕದ ತುಂಡು ಅಂಟಿಸಿ ಸರಿದೂಗಿಸುತ್ತಾರೆ.

ತುಸು ಭಾರ ಎಂದರೆ ಎಷ್ಟು? ಮಕ್ಕಳೇ, ಈಗ ಲೆಕ್ಕ. 13 ಇಂಚಿನ ರಿಮ್ಮಿನ ಸಣ್ಣ ಕಾರಿನ ಗಾಲಿ ಒಂದು ಸುತ್ತು ಉರುಳಿದರೆ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. 22ನ್ನು 1.8ರಿಂದ ಭಾಗಿಸಿದರೆ 12. ಅಂದರೆ ನೀವು 'ಒಂದು' ಎನ್ನುವುದರೊಳಗೆ ಗಾಲಿ 12 ಸುತ್ತು ಹಾಕಿರುತ್ತದೆ. ರಿಮ್ಮಿನ ಅಂಚಿನಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಸುಮಾರು 2 ಕಿಲೋ ತೂಕದಷ್ಟು ಬಲದಿಂದ ಗಾಲಿಯನ್ನು ಜಗ್ಗುತ್ತದೆ, ಸೆಕೆಂಡಿಗೆ 12 ಸಲ! ವೇಗ ಅರ್ಧಕ್ಕೆ, 40ಕ್ಕೆ, ಇಳಿದರೆ ಜಗ್ಗುವ ಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಅರ್ಧ ಕಿಲೋ ಅಷ್ಟೇ. ನನ್ನ ಹಮ್ಮಿಗಿ-ಮುಂಡರಗಿ ಓಡಾಟದಲ್ಲಿ ನಡುಕ ಅಡಗಿ ಕುಳಿತಿದ್ದು ಇದೇ ಕಾರಣಕ್ಕೆ.

ಇನ್ನು ಅಲೈನ್‌ಮೆಂಟ್. ನಾಲ್ಕು ಗಾಲಿಗಳೂ ಕಾರು ಹೋಗಬೇಕಾದ ದಿಕ್ಕಿಗೆ, ಕಂಪನಿ ಹೇಳಿದ ಕೋನದಲ್ಲಿ ಇವೆಯೋ ಇಲ್ಲವೋ ಎಂದು ಅಳೆದು ಸರಿಪಡಿಸುವುದು. ಅದರಲ್ಲಿ ಮುಖ್ಯ ಮೂರು ಕೋನಗಳು.

ಮೊದಲನೆಯದು ಟೋ. ಪಾದಗಳನ್ನು ಒಳಕ್ಕೆ ತಿರುಗಿಸಿಕೊಂಡು ನಡೆದು ನೋಡಿ. ಚಪ್ಪಲಿ ನೆಲಕ್ಕೆ ಉಜ್ಜುತ್ತದಲ್ಲ? ಮೇಲಿಂದ ನೋಡಿದಾಗ ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆಯೇ ಟೋ. ಒಂದು ಗಾಲಿ ಕಾಲು ಡಿಗ್ರಿ ಮಾತ್ರ ಸೊಟ್ಟಗಿದೆ ಎನ್ನಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಟೈರು ಸುಮಾರು 4 ಮೀಟರ್ 36 ಸೆಂಟಿಮೀಟರ್ ಅಡ್ಡಡ್ಡ ಉಜ್ಜಿರುತ್ತದೆ. 60 ಕಿಲೋಮೀಟರಿಗೆ ಕಾಲು ಕಿಲೋಮೀಟರಿಗಿಂತಲೂ ಹೆಚ್ಚು. ಬ್ಯಾಂಕಿನ ಭಾಷೆಯಲ್ಲಿ ಇದು ಸರಳ ಬಡ್ಡಿ, ವಸೂಲಿ ಮಾತ್ರ ಟೈರಿನಿಂದ. ಟೈರಿನ ಮೇಲೆ ಅಂಗೈ ಆಡಿಸಿದಾಗ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪಿದೆ ಎಂದು ತಿಳಿಯಬೇಕು.

ಎರಡನೆಯದು ಕ್ಯಾಂಬರ್. ಮುಂದಿನಿಂದ ನೋಡಿದಾಗ ಗಾಲಿ ನೆಟ್ಟಗಿದೆಯೋ, ಒಳಕ್ಕೋ ಹೊರಕ್ಕೋ ವಾಲಿದೆಯೋ ಎಂಬ ಅಳತೆ. ಒಂದು ನಾಣ್ಯವನ್ನು ತುಸು ವಾಲಿಸಿ ಉರುಳಿಸಿ. ಅದು ವಾಲಿದ ಕಡೆಗೇ ತಿರುಗುತ್ತದೆ. ಗಾಲಿಯೂ ಹಾಗೆಯೇ. ಟೈರಿನ ಒಂದೇ ಅಂಚು ಸವೆಯುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಕ್ಯಾಸ್ಟರ್. ಸೈಕಲಿನ ಮುಂದಿನ ಫೋರ್ಕು ನೆಟ್ಟಗೆ ಇರುವುದಿಲ್ಲ, ಮೇಲ್ತುದಿ ಸವಾರನ ಕಡೆ ಬಾಗಿರುತ್ತದೆ. ಕಾರಿನ ಮುಂದಿನ ಗಾಲಿಗಳಿಗೂ ಇಂಥದೇ ಓರೆ ಕೊಟ್ಟಿರುತ್ತಾರೆ. ತಿರುವು ಮುಗಿದ ಮೇಲೆ ಸ್ಟೇರಿಂಗು ತಾನಾಗಿ ನೆಟ್ಟಗಾಗಲು, ಹೆದ್ದಾರಿಯಲ್ಲಿ ಕಾರು ನೇರ ಹೋಗಲು ಈ ಓರೆ ಬೇಕು. ಅದು ಕಡಿಮೆಯಾದರೆ ಕಾರು ಅತ್ತಿತ್ತ ಅಲೆಯುತ್ತದೆ. ಎಡಬಲಕ್ಕೆ ವ್ಯತ್ಯಾಸವಾದರೆ ಒಂದು ಕಡೆ ಎಳೆಯುತ್ತದೆ.

ಹಾಗಾದರೆ ಮೊದಲ ಅಂಗಡಿಯಲ್ಲಿ ಮಾಡಿಸಿದ ಅಲೈನ್‌ಮೆಂಟ್ ಯಾಕೆ ಕೆಲಸಕ್ಕೆ ಬರಲಿಲ್ಲ? ಹಿರಿಯ ಮೆಕ್ಯಾನಿಕರು ಕಾರನ್ನು ಜಾಕ್ ಮೇಲೆ ಎತ್ತಿ, ಎಡ ಮುಂಗಾಲಿಯನ್ನು ಎರಡೂ ಬದಿ ಹಿಡಿದು ಅಲ್ಲಾಡಿಸಿದರು. 'ಟಕ್ ಟಕ್' ಎಂದಿತು. ಸ್ಟೇರಿಂಗಿನಿಂದ ಗಾಲಿಗೆ ಬರುವ ಸಲಾಕೆಯ ತುದಿಯಲ್ಲಿ ಒಂದು ಗುಂಡು ಕೀಲು ಇರುತ್ತದೆ. ಅದಕ್ಕೆ ಟೈ ರಾಡ್ ಎಂಡ್ ಎನ್ನುತ್ತಾರೆ. ಅದು ಸಡಿಲಾಗಿತ್ತು. ಕೀಲು ಸಡಿಲಿದ್ದಾಗ ಯಂತ್ರದ ಮೇಲೆ ಎಷ್ಟೇ ನಿಖರವಾಗಿ ಕೋನ ಹೊಂದಿಸಿದರೂ ರಸ್ತೆಗೆ ಇಳಿದ ಕೂಡಲೇ ಅದು ಕದಲುತ್ತದೆ. ಹಸಿರು ಅಂಕಿಯ ಚೀಟಿ ಸುಳ್ಳಲ್ಲ. ಅದು ನಿಂತ ಕಾರಿನ ಸತ್ಯ, ಓಡುವ ಕಾರಿನದಲ್ಲ.

ಮೊಮ್ಮಗಳಿಗೆ ಇದನ್ನು ಚಕ್ಕಡಿಯ ಲೆಕ್ಕದಲ್ಲಿ ಹೇಳಿದೆ. ನಾನು ಸಣ್ಣವನಿದ್ದಾಗ ಚಕ್ಕಡಿ ಹೂಡುವ ಮುಂಚೆ ನಮ್ಮಪ್ಪ ಗಾಲಿಯನ್ನು ಕೈಯಿಂದ ಜಗ್ಗಿ ನೋಡುತ್ತಿದ್ದ. ಕಡಾಣಿ ಗಟ್ಟಿ ಇದೆಯೋ, ಅಚ್ಚು ಸವೆದಿದೆಯೋ, ಕೀಲೆಣ್ಣೆ ಒಣಗಿದೆಯೋ ನೋಡಿದ ಮೇಲೆಯೇ ಎತ್ತಿನ ಹೆಗಲಿಗೆ ನೊಗ. ಎತ್ತಿನ ಗಾಡಿಗೆ ತೋರಿದ ಆ ಕಾಳಜಿಯನ್ನು ನಾನು ಕಾರಿಗೆ ತೋರಿರಲಿಲ್ಲ.

ಆಮೇಲೆ ಅವರು ಗಾಲಿ ಬಿಚ್ಚಿ ಒಳಮೈ ತೋರಿಸಿದರು. ರಿಮ್ಮಿನ ಒಳ ಅಂಚು ಹೆಬ್ಬೆರಳಿನಷ್ಟಗಲ ನೆಗ್ಗಿತ್ತು. ತೂಕದ ತುಂಡು ಇದ್ದ ಜಾಗದಲ್ಲಿ ಅಂಟಿನ ಗುರುತು ಮಾತ್ರ ಉಳಿದಿತ್ತು. ಟೈರಿನಲ್ಲಿ ಹವಾ ಕೂಡ ಉಳಿದವಕ್ಕಿಂತ ಕಡಿಮೆ ಇತ್ತು. ನೆಗ್ಗಿದ ಅಂಚಿನಿಂದ ಸಣ್ಣಗೆ ಸೋರುತ್ತಿತ್ತು. ಅವರು ನನ್ನ ಕಡೆ ತಿರುಗಿ ಕೇಳಿದರು: "ಅಜ್ಜಾರ, ಗಾಡಿ ಯಾವಾಗ ತೆಗ್ಗಿನ್ಯಾಗ ಬಿದ್ದಿತ್ರಿ?"

ತಪ್ಪೊಪ್ಪಿಗೆ ಇಲ್ಲಿದೆ. ಶ್ರಾವಣದ ಒಂದು ಸಂಜೆ ಮುಂಡರಗಿಯಿಂದ ಬರುವಾಗ ಮಳೆ ಹತ್ತಿತ್ತು. ನೀರು ತುಂಬಿದ ತೆಗ್ಗು ರಸ್ತೆಯಂತೆಯೇ ಕಂಡಿತು. ಗಾಲಿ ಧಡ್ ಎಂದು ಬಿತ್ತು, ಹಲ್ಲು ಕಟಕಟ ಎಂದಿತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ, "ಈ ವಯಸ್ಸಿನ್ಯಾಗ ನೀವು ಗಾಡಿ ಹೊಡೀಬ್ಯಾಡ್ರಿ" ಎಂದು ಮಗ ಕೀಲಿ ಕಸಿದುಕೊಂಡಾನು ಎಂಬ ಹೆದರಿಕೆ. ಅಂದಿನಿಂದ ಸ್ಟೇರಿಂಗು ತುಸು ಎಡಕ್ಕೆ ಎಳೆಯುತ್ತಿದ್ದುದು ನನಗೆ ಗೊತ್ತಿತ್ತು. ಬ್ಯಾಂಕಿನಲ್ಲಿ ತಾಳೆಯಾಗದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕಿಡುತ್ತಿದ್ದೆವು. ಈ ಸತ್ಯವನ್ನೂ ನಾನು ಅದೇ ಖಾತೆಗೆ ಹಾಕಿ ಮರೆತಿದ್ದೆ. ಆದರೆ ಆ ಖಾತೆಯ ಸಾಲ ತೀರಿಸಲು ಹೆದ್ದಾರಿಯಲ್ಲಿ ಮೊಮ್ಮಗಳು ಕುಳಿತಿದ್ದಳು.

ಎಲ್ಲರ ಮುಂದೆ ಹೇಳಿಬಿಟ್ಟೆ. ಮಗ ಸಿಟ್ಟು ಮಾಡಲಿಲ್ಲ. "ಮೊದಲ ಹೇಳಿದ್ರ ಆಗ್ತಿತ್ತಲ್ಲಪ್ಪಾ, ಅರ್ಧ ದಿನದ ಕೆಲಸ ಇತ್ತು" ಎಂದ. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾ, ನಾನೂ ಹೋದ ತಿಂಗಳು ಸೈಕಲ್ ಬೀಳಿಸೀನಿ. ಬ್ರೇಕ್ ಸರಿ ಹಿಡೀವಲ್ದು. ಅಪ್ಪಗ ಹೇಳಿಲ್ಲ" ಎಂದಳು. ಅಪ್ಪ ಪಕ್ಕದಲ್ಲೇ ನಿಂತಿದ್ದ. ಎಲ್ಲರಿಗೂ ನಗು ಬಂತು. ಆ ಸೈಕಲ್ಲೂ ಈಗ ರಿಪೇರಿಯಾಗಿದೆ.

ಕಾರಿಗೆ ಹೊಸ ಟೈ ರಾಡ್ ಎಂಡ್, ಒಂದು ಹೊಸ ರಿಮ್ ಬಿತ್ತು. ಟೈರು ಬಿಚ್ಚಿ ಒಳಗೂ ಹೊರಗೂ ನೋಡಿದರು. ಉಬ್ಬು, ಸೀಳು ಇರಲಿಲ್ಲ. ಇದ್ದಿದ್ದರೆ ಬದಲಿಸಲೇಬೇಕಿತ್ತು, ಅದರಲ್ಲಿ ಜಿಪುಣತನ ಸಲ್ಲದು. ನಾಲ್ಕೂ ಗಾಲಿ ಬ್ಯಾಲೆನ್ಸ್ ಮಾಡಿ, ಎಲ್ಲಕ್ಕೂ ಕೊನೆಗೆ ಅಲೈನ್‌ಮೆಂಟ್ ಮಾಡಿದರು. ಹವಾ, ಕಣ್ಣಿನ ಪರೀಕ್ಷೆ, ಕೀಲುಗಳು, ಬ್ಯಾಲೆನ್ಸ್, ಕೊನೆಗೆ ಅಲೈನ್‌ಮೆಂಟ್. ಇದೇ ಸರಿಯಾದ ಕ್ರಮ. ವಾಪಸು ಬರುವಾಗ 80ರಲ್ಲಿ ಕಾರು ನಡುಗಲಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ-ಮೊಮ್ಮಗಳು ನಿದ್ದೆ ಹೋದರು.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ನಮ್ಮದು ಎರಿ ಮಣ್ಣಿನ ನಾಡು. ಎರಿ ಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆಯೂ ಉಬ್ಬಿ ಕುಗ್ಗಿ ಅಲೆಅಲೆಯಾಗುತ್ತದೆ, ಅಲ್ಲಲ್ಲಿ ಕುಸಿಯುತ್ತದೆ. ಗಾಲಿಗೆ ಪೆಟ್ಟು ಬೀಳುವುದು ಇಲ್ಲೇ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಒಮ್ಮೆ ಮತ್ತು ಜೋರಾಗಿ ತೆಗ್ಗಿಗೆ ಬಿದ್ದಾಗಲೆಲ್ಲ ಗಾಲಿ ತೋರಿಸುವುದು ಒಳ್ಳೆಯದು. ಇನ್ನು ಗಾಳಿ. ಗದಗಿನ ಸುತ್ತಮುತ್ತ ನಿಂತ ಗಾಳಿಯಂತ್ರಗಳನ್ನು ನೋಡಿದರೆ ಇಲ್ಲಿ ಗಾಳಿ ಎಷ್ಟು ಎಂದು ತಿಳಿಯುತ್ತದೆ. ಆಷಾಢದ ಅಡ್ಡಗಾಳಿಗೆ ಸರಿಯಾದ ಕಾರೂ ತುಸು ಅಲೆಯುತ್ತದೆ. ಅದಕ್ಕೆ ಔಷಧ ಗ್ಯಾರೇಜಿನಲ್ಲಿಲ್ಲ, ವೇಗ ಇಳಿಸುವುದರಲ್ಲಿದೆ.

ಗಾಲಿಯೊಳಗಿನ ಹವಾ ಬಂದದ್ದೂ ಒಬ್ಬ ಮಗುವಿನ ಸಲುವಾಗಿಯೇ. ಜಾನ್ ಬಾಯ್ಡ್ ಡನ್‌ಲಪ್ ಎಂಬಾತ ಬೆಲ್‌ಫಾಸ್ಟ್ ಪಟ್ಟಣದಲ್ಲಿ ದನಕರುಗಳ ವೈದ್ಯ. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುರಸ್ತೆಯಲ್ಲಿ ಕುಲುಕುತ್ತಿತ್ತು. 1887ರಲ್ಲಿ ಆತ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಅದರ ಗಾಲಿಗೆ ಸುತ್ತಿದ. ಮರುವರ್ಷ ಪೇಟೆಂಟ್ ಪಡೆದ. ಮಕ್ಕಳ ಪಯಣ ಸುಖವಾಗಲಿ ಎಂದು ಬಂದ ಆ ಹವಾವನ್ನು ಇಂದು ನಾವು ತಿಂಗಳಿಗೊಮ್ಮೆ ನೋಡಲೂ ಸೋಮಾರಿಗಳು.

ಆದ್ದರಿಂದ ಈ ಭಾನುವಾರ ಅಜ್ಜ-ಮೊಮ್ಮಕ್ಕಳು ಸೇರಿ ಮಾಡಲು ಕೆಲವು ಕೆಲಸಗಳು. ಕಾರು ನಿಂತಿರಲಿ, ಹ್ಯಾಂಡ್‌ಬ್ರೇಕು ಹಾಕಿರಲಿ. ಜಾಕ್ ಮುಟ್ಟುವುದು ಬೇಡ, ಕಾರಿನ ಕೆಳಗೆ ನುಸುಳುವುದು ಬೇಡವೇ ಬೇಡ.

ಒಂದು: ಕಾಗದದ ಚಹಾ ಕಪ್ಪನ್ನು ನೆಲದ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ಅದು ನೇರ ಹೋಗದೆ ಸಣ್ಣ ತುದಿಯ ಕಡೆಗೆ ತಿರುಗುತ್ತದೆ. ಒಂದು ಬದಿಯ ಟೈರಿನಲ್ಲಿ ಹವಾ ಕಡಿಮೆಯಾದರೆ ಕಾರು ಆ ಕಡೆಗೇ ಯಾಕೆ ಎಳೆಯುತ್ತದೆ ಎಂಬುದು ಅರ್ಥವಾಗುತ್ತದೆ.

ಎರಡು: ಚಾಲಕನ ಬಾಗಿಲು ತೆರೆದರೆ ಅಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತಾರೆ. ಹವಾ ಎಷ್ಟಿರಬೇಕು ಎಂದು ಅದರಲ್ಲಿದೆ. ಬರೆದುಕೊಳ್ಳಿ. ಟೈರು ತಣ್ಣಗಿದ್ದಾಗ ಅಳೆಯಬೇಕು, ಸ್ಟೆಪ್ನಿಯನ್ನೂ ಮರೆಯಬಾರದು.

ಮೂರು: ಟೈರಿನ ಸವೆತ ನೋಡಿ. ನಡುವೆ ಮಾತ್ರ ಸವೆದಿದ್ದರೆ ಹವಾ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೇಳುತ್ತಿದೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಅವುಗಳ ಎತ್ತರ 1.6 ಮಿ.ಮೀ. ಟೈರು ಅವುಗಳ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತು.

ನಾಲ್ಕು: ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತು ಹುಡುಕಿ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದ ಟೈರು. ಯಾರ ಮನೆಯ ಟೈರು ಹಿರಿಯದು ಎಂದು ಗೆಳೆಯರೊಂದಿಗೆ ಪಂದ್ಯ ಕಟ್ಟಬಹುದು. ಹೆಚ್ಚು ಹಳೆಯದಿದ್ದವನು ಗೆದ್ದಂತಲ್ಲ, ಮನೆಯಲ್ಲಿ ಹೇಳಬೇಕು ಅಷ್ಟೇ.

ಐದನೆಯದು ಅಜ್ಜ-ಅಜ್ಜಿಯರಿಗೆ ಮಾತ್ರ. ಗಾಡಿ ತೆಗ್ಗಿಗೆ ಬಿದ್ದಿದ್ದರೆ, ಗೋಡೆಗೆ ತಾಗಿದ್ದರೆ, ಸಂಜೆ ಕಣ್ಣು ಮಂಜಾಗಿದ್ದರೆ ಇಂದೇ ಮಕ್ಕಳಿಗೆ ಹೇಳಿಬಿಡಿ. ನನ್ನ ಕಾರಿನ ಕೀಲಿ ಈಗಲೂ ನನ್ನ ಹತ್ತಿರವೇ ಇದೆ. ಕತ್ತಲಾದ ಮೇಲೆ, ಮಳೆಯಲ್ಲಿ ಓಡಿಸುವುದಿಲ್ಲ ಎಂದು ನಾನೇ ಒಪ್ಪಿಕೊಂಡಿದ್ದೇನೆ. ಸ್ಟೇರಿಂಗಿನ ಪಕ್ಕದಲ್ಲಿ ಮೊಮ್ಮಗಳು ಒಂದು ಸಣ್ಣ ನೋಟುಬುಕ್ ಇಟ್ಟು ಹೋಗಿದ್ದಾಳೆ. ಹವಾ ನೋಡಿದ ದಿನ, ಗಾಲಿ ತೋರಿಸಿದ ದಿನ, ತೆಗ್ಗಿಗೆ ಬಿದ್ದ ದಿನ ಎಂದು ಮೂರು ಕಾಲಂ ಗೆರೆ ಹಾಕಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಮೂರನೆಯ ಕಾಲಮ್ಮಿನ ಲೆಕ್ಕವನ್ನೇ ಮೊದಲು ಕೇಳುತ್ತಾಳೆ.